ಚಿಕ್ಕಪ್ಪನ ಅಂಗೈ ಲೆಕ್ಕ

ನಮ್ಮ ಚಿಕ್ಕಪ್ಪ ಯಾರ ಮುಖವನ್ನೂ ನೋಡುವುದಿಲ್ಲ, ಚರ್ಮ ನೋಡುತ್ತಾರೆ! ತಮಿಳುನಾಡಿನ ವೆಸ್ಟ್ ಮಾಂಬಲಂನಲ್ಲಿರುವ ಚರ್ಮದ ಡಾಕ್ಟರು. ನನ್ನ ಮದುವೆಯಲ್ಲಿ ವರನ ಮೊಣಕೈ ತಿರುಗಿಸಿ ನೋಡಿ, "ಬರೀ ಒಣಚರ್ಮ, ಹುಡುಗ ಒಳ್ಳೆಯವನು" ಎಂದು ಸರ್ಟಿಫಿಕೇಟ್ ಕೊಟ್ಟ ಮೇಲೆಯೇ ಅಕ್ಷತೆ ಹಾಕಿದವರು.

ಮಾತ್ರೆ ಒಗ್ಗದೆ ಮೈಯೆಲ್ಲ ಗುಳ್ಳೆಯೆದ್ದು ಚರ್ಮ ಕಳಚುವ ಕಾಯಿಲೆಯೊಂದಿದೆಯಲ್ಲ, ಅದರಲ್ಲಿ ಅವರು ಪಂಟರು. ಬೆರಳೂ ಸೇರಿ ರೋಗಿಯ ಒಂದು ಅಂಗೈ ಎಂದರೆ ಅವನ ಮೈಯ ನೂರರಲ್ಲೊಂದು ಪಾಲು. ಕಳಚಿದ್ದು ಹತ್ತು ಅಂಗೈಯೊಳಗಿದ್ದರೆ ಕಾಯಿಲೆಗೆ ಒಂದು ಹೆಸರು, ಮೂವತ್ತು ದಾಟಿದರೆ ಇನ್ನೊಂದು, ನಡುವೆ ನಿಂತರೆ ಎರಡೂ! ಲೆಕ್ಕ ಏರಿದಂತೆ ಪ್ರಾಣದ ಆಸೆ ಇಳಿಯುತ್ತದೆ. ಅಂಗೈ ಮಾತ್ರ ರೋಗಿಯದೇ ಆಗಬೇಕು. ಅದಕ್ಕೇ ಹಳೆಯ ಕ್ಯಾಲೆಂಡರ್ ಹಾಳೆಯ ಮೇಲೆ ರೋಗಿಯ ಕೈಯಿಡಿಸಿ, ಗೆರೆ ಎಳೆದು, ಕತ್ತರಿಸಿ ಅಳೆಯುವುದು ಚಿಕ್ಕಪ್ಪನ ಪದ್ಧತಿ.

ಆಸ್ಪತ್ರೆಯಲ್ಲಿ ಸರಿ, ಮನೆಯಲ್ಲಿ? ಗೋಡೆಯ ಬಣ್ಣ ಉಬ್ಬಿದರೆ, ರೋಗಿಯ ಚರ್ಮ ಜಾರುತ್ತದೆಯೇ ಎಂದು ಪರೀಕ್ಷಿಸುವ ಹಾಗೆ ಹೆಬ್ಬೆರಳಿಂದ ಉಜ್ಜಿ ನೋಡುತ್ತಾರೆ. ಸಿಪ್ಪೆ ಜಾರಿತೋ, ಹಿಗ್ಗೋ ಹಿಗ್ಗು! ಪೇಂಟರನ್ನು ಕರೆದು, "ಹೊಸದಾಗಿ ಇದಕ್ಕೆ ಏನು ಕೊಟ್ಟೆ? ಎಷ್ಟು ದಿನವಾಯ್ತು?" ಎಂದು ತಮಿಳಿನಲ್ಲಿ ವಿಚಾರಣೆ. ಒಮ್ಮೆ ಅವನು ಕೈಮುಗಿದು, "ಸಾರ್, ಇದು ಸುವರು ಸಾರ್!" ಎಂದ. ಅದು ಗೋಡೆಯೆಂದು ಯಾರಾದರೂ ಅವರಿಗೆ ಹೇಳಬೇಕಿತ್ತಲ್ಲ!

ಊಟಕ್ಕೆ ಹಪ್ಪಳ ಬಡಿಸಿದರೆ ಗುಳ್ಳೆ ಎಣಿಸುತ್ತಾರೆ.

"ಇದು ಮೂವತ್ತು ದಾಟಿದೆ ಕಣೇ!"

"ನಾಮಕರಣ ಆಮೇಲೆ ಮಾಡಿ, ಮೊದ್ಲು ಮುರ್ಕೊಂಡು ತಿನ್ನಿ. ಸಾಂಬಾರ್ ಆರ್ತಿದೆ," ಎಂದು ಚಿಕ್ಕಮ್ಮ ಗದರುತ್ತಾರೆ.

ಹೋದ ವರ್ಷ ನಾನೊಂದು ಹೊಸ ಮಾತ್ರೆ ಶುರುಮಾಡಿದೆ. ಎರಡು ವಾರಕ್ಕೆ ಬಾಯಿ ಹುಣ್ಣಾಯಿತು, ಎದೆ, ಬೆನ್ನು ಗುಳ್ಳೆಯೆದ್ದು ಕಳಚತೊಡಗಿತು. ಚಿಕ್ಕಪ್ಪ ಮಾತ್ರೆ ನಿಲ್ಲಿಸಿ, ನನ್ನನ್ನು ವಾರ್ಡಿಗೆ ಸೇರಿಸಿದರು. ಕ್ಯಾಲೆಂಡರ್ ಹಾಳೆ ಬಂತು. ನನ್ನ ಕೈಯ ಕಾಗದವನ್ನು ಮೈಗೆ ತಾಗಿಸದೆ ಮೇಲೆ ಹಿಡಿದು ಎಣಿಸಿದರು. ಒಂಬತ್ತು. ಮತ್ತೆ ಎಣಿಸಿದರು. ಹನ್ನೊಂದು! ಮೂರನೆಯ ಸಲ ಐದಕ್ಕೇ ನಿಂತುಬಿಟ್ಟರು. ಹಪ್ಪಳಕ್ಕೂ ಗೋಡೆಗೂ ಹೆಸರಿಟ್ಟವರಿಗೆ ನನ್ನ ಮೈಯ ಲೆಕ್ಕ ಸಿಗಲಿಲ್ಲ.

"ನೀನೇ ಎಣಿಸಮ್ಮ, ನಂಗೆ ಕಣ್ಣು ಕಾಣ್ತಿಲ್ಲ," ಎಂದು ಕಾಗದವನ್ನು ಕಿರಿಯ ಡಾಕ್ಟರಿಗೆ ಕೊಟ್ಟರು.

"ಎಟ್ಟು, ಸಾರ್," ಎಂದಳು ಆಕೆ. ಎಂಟು! ಚಿಕ್ಕಪ್ಪ ಗೋಡೆಯ ಕಡೆ ತಿರುಗಿ ನಿಂತರು. ಆ ದಿನ ಗೋಡೆಯನ್ನು ಉಜ್ಜಲಿಲ್ಲ.

ನಾನು ಉಳಿದೆ. ಮೊನ್ನೆ ಅವರ ಮನೆಯಲ್ಲಿ ದೀಪ ಹಚ್ಚಲು ಹೋದರೆ ದೇವರ ಪಟಗಳ ನಡುವೆ ಕಾಗದದ ಕೈಯೊಂದು ಕಂಡಿತು. ನನ್ನದೇ! ತೆಗೆಯಲು ಹೋದೆ.

"ಮುಟ್ಬೇಡ ಪುಟ್ಟಿ," ಎಂದರು ಚಿಕ್ಕಮ್ಮ. "ದಿನಾ ಮೊದಲ ಹೂವು ಅದಕ್ಕೇ ಇಡ್ತಾರೆ."