ಸ್ಪಂಜು ತೊಳೆದ ಮೇಲೆ

ಕೊಳಕಾಗಿರುವವರನ್ನು ಬೈಯುವುದಕ್ಕೆ ಊರಿನಲ್ಲಿ ಎಲ್ಲರಿಗೂ ಬಾಯಿ ಇದೆ. ಅತಿಯಾಗಿ ಚೊಕ್ಕಟ ಮಾಡುವವರನ್ನು ಬೈಯುವ ಧೈರ್ಯ ಮಾತ್ರ ಯಾರಿಗೂ ಇಲ್ಲ. ಆ ಧೈರ್ಯ ಯಾರಿಗಾದರೂ ಬಂದಿದ್ದರೆ ನಾನು ಇಷ್ಟು ಹೊತ್ತಿಗೆ ಸುಧಾರಿಸಿರುತ್ತಿದ್ದೆನೋ ಏನೋ. ನನ್ನ ಕೈಯಲ್ಲಿ ಯಾವಾಗಲೂ ಒಂದು ಒದ್ದೆ ಬಟ್ಟೆ ಇರುತ್ತದೆ. ತಿಪಟೂರಿನ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನದ ಮೇಡಂ ಆಗಿದ್ದೆ. ನನ್ನ ಪಾಠ ಮರೆತ ಮಕ್ಕಳು ಕೂಡ, ನಾನು ಬೋರ್ಡು ಒರೆಸುವಾಗ ನಾಲ್ಕು ಮೂಲೆಯನ್ನೂ ಬಿಡುತ್ತಿರಲಿಲ್ಲ ಎಂಬುದನ್ನು ಮರೆತಿಲ್ಲ. ನಿವೃತ್ತಿಯಾದ ಮೇಲೆ ಒರೆಸಲು ಬೋರ್ಡಿಲ್ಲದೆ ಆ ಕೈ ಪೂರ್ತಿಯಾಗಿ ಮನೆಯ ಮೇಲೆ ಬಿತ್ತು. ಎದ್ದರೆ ಕುರ್ಚಿ ಒರೆಸುತ್ತಾಳೆ ಎಂದು ನಮ್ಮ ಯಜಮಾನರು ಏಳುವುದನ್ನೇ ಕಡಿಮೆ ಮಾಡಿದ್ದಾರೆ. ಇದೇ ಕೈಯಿಂದ ನಾನು ಈ ವರ್ಷ ಆರು ಮೀನು ಕೊಂದೆ. ನಾವೋ ತಲೆತಲಾಂತರದಿಂದ ಮೊಟ್ಟೆಯನ್ನೂ ಮುಟ್ಟದ ಶಿವಭಕ್ತರ ಮನೆಯವರು.

ಈ ರೋಗ ಹೊಸದಲ್ಲ. ಮದುವೆಯಾಗಿ ಬಂದ ಹೊಸದರಲ್ಲೇ ಅದು ಊರಿಗೆಲ್ಲ ಗೊತ್ತಾಗಿತ್ತು. ನಮ್ಮದು ಕೊಬ್ಬರಿ ವ್ಯಾಪಾರದ ಮನೆ. ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಬೇರೆ ಸೀಮೆಯವರಿಗಾಗಿ ಹೇಳುತ್ತೇನೆ: ಉಂಡೆ ಕೊಬ್ಬರಿ ಮಾಡುವುದೆಂದರೆ ಮುಕ್ಕಾಲು ಪಾಲು ಏನೂ ಮಾಡದೆ ಇರುವುದು. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹೆಚ್ಚು ಕಡಿಮೆ ಒಂದು ವರ್ಷ ಅದರ ಪಾಡಿಗೆ ಅದನ್ನು ಬಿಡಬೇಕು. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಕರಟ ಬಿಟ್ಟುಕೊಂಡು, ಅಲ್ಲಾಡಿಸಿದರೆ ಲೊಡಲೊಡ ಎನ್ನಬೇಕು. ಇದು ಗೊತ್ತಿಲ್ಲದ ಹೊಸ ಸೊಸೆ ಒಂದು ದಿನ ಅಟ್ಟ ಹತ್ತಿದಳು. ಎಷ್ಟು ತಿಂಗಳ ಧೂಳೋ, ನೋಡಿ ಸಹಿಸಲಾಗಲಿಲ್ಲ. ಬಕೆಟ್ಟಿನಲ್ಲಿ ನೀರು ತಂದು ಮೂರು ಸಾಲು ಕಾಯನ್ನು ಒಂದೊಂದಾಗಿ ತೊಳೆದು, ಒರೆಸಿ, ಮತ್ತೆ ಜೋಡಿಸಿಟ್ಟಳು. ಅವುಗಳಲ್ಲಿ ಹೆಚ್ಚಿನವು ಕೊಳೆತುಹೋದವು, ಎರಡು ಮೊಳಕೆಯೊಡೆದವು. ನಮ್ಮ ಅತ್ತೆ ಗೌರಮ್ಮನವರು ಬೈಯಲಿಲ್ಲ. ಆ ಎರಡು ಮೊಳಕೆಯನ್ನೂ ಹಿತ್ತಲಲ್ಲಿ ನೆಟ್ಟು, ಬಂದವರಿಗೆಲ್ಲ ತೋರಿಸಿ, "ಕಾಯಿಗೆ ಸ್ನಾನ ಮಾಡ್ಸವ್ಳೆ ಕಣೇ ನಮ್ ಸೊಸೆ. ಎಣ್ಣೆ ಹಚ್ಚಿ ಜಡೆ ಹಾಕ್ಲಿಲ್ಲ, ಅಷ್ಟೇ ಉಳ್ಸವ್ಳೆ" ಎಂದು ಮೂವತ್ತೈದು ವರ್ಷ ಹೇಳಿಕೊಂಡು ಬಂದರು.

ಈ ಕಥೆಯನ್ನು ಅತ್ಯಂತ ಹೆಚ್ಚು ಸಲ ಕೇಳಿ, ಪ್ರತಿ ಸಲವೂ ಮೊದಲ ಸಲ ಕೇಳುವವಳಂತೆ ನಕ್ಕವಳು ನಂಜಮ್ಮ. ಅತ್ತೆಯ ತವರೂರು ಬಿಳಿಗೆರೆಯವಳು. ನಮ್ಮ ಮನೆಯ ಹಿಂದಿನ ಗೋಡೌನಿನಲ್ಲಿ ಕೊಬ್ಬರಿಯಿಂದ ಕರಟ ಬಿಡಿಸುವ ಕೆಲಸ ಮಾಡುತ್ತಿದ್ದಳು. ಕೆಲಸ ಬಿಟ್ಟ ಮೇಲೂ ದಿನಾ ಮಧ್ಯಾಹ್ನ ಎರಡು ಬೀದಿ ದಾಟಿ ಬಂದು, ಧೂಳುಗಾಲಲ್ಲೇ ನಡುಮನೆಗೆ ನುಗ್ಗಿ, ಅತ್ತೆಯ ಮಂಚದ ಪಕ್ಕ ಕೂತು ಎಲೆಅಡಿಕೆ ಚೀಲ ಬಿಚ್ಚುತ್ತಿದ್ದಳು. ಮಾತೆಲ್ಲ ಬಿಳಿಗೆರೆಯದೇ. ಯಾರ ಎಮ್ಮೆ ಯಾರ ತೋಟಕ್ಕೆ ನುಗ್ಗಿತು, ಯಾರ ಮದುವೆಯಲ್ಲಿ ಪಾಯಸ ಸೀದುಹೋಯಿತು, ಇಂಥವು. ಮಾತಿನ ನಡುವೆ ಬೆರಳಿಗಂಟಿದ ಸುಣ್ಣವನ್ನು ಗೋಡೆಗೆ ಒರೆಸುವುದು ಅವಳ ಪದ್ಧತಿ. ಕೆಲಸಕ್ಕೆ ಹೋಗುತ್ತಿದ್ದಾಗ ನನಗೆ ಇದೆಲ್ಲ ಕಣ್ಣಿಗೆ ಬೀಳುತ್ತಿರಲಿಲ್ಲ. ನಿವೃತ್ತಿಯಾದ ಮೇಲೆ ಬೇರೇನೂ ಕಣ್ಣಿಗೆ ಬೀಳದಂತಾಯಿತು. ಅಷ್ಟರಲ್ಲಿ ಅತ್ತೆಗೆ ಒಂದು ಕೆಮ್ಮು ಹಿಡಿದು, ಡಾಕ್ಟರು "ಸ್ವಲ್ಪ ಧೂಳಿನಿಂದ ದೂರ ಇಡಿ" ಎಂದರು. ಡಾಕ್ಟರು ಸ್ವಲ್ಪ ಎಂದಿದ್ದನ್ನು ನಾನು ಬೇಕೆಂದೇ ಕೇಳಿಸಿಕೊಳ್ಳಲಿಲ್ಲ. "ನಂಜಮ್ಮ, ಕೈಕಾಲು ತೊಳ್ಕೊಂಡು ಬನ್ನಿ, ಎಲೆಅಡಿಕೆ ಹೊರಗೇ ಇರಲಿ" ಎಂದೆ. ಪಾಪ, ಒಂದು ವಾರ ತೊಳೆದುಕೊಂಡೇ ಬಂದಳು. ಆಮೇಲೆ ಬರಲಿಲ್ಲ. ನೆಲ ಎರಡೆರಡು ದಿನ ಹೊಳೆಯುತ್ತಲೇ ಇರುತ್ತದಲ್ಲ ಎಂದು ನನಗೆ ಖುಷಿಯೇ ಆಯಿತು.

ಅದೇ ಸುಮಾರಿಗೆ ಅತ್ತೆ ಮಾತು ಕಡಿಮೆ ಮಾಡಿದರು. ಆಮೇಲೆ ಮರೆಯತೊಡಗಿದರು. ವಯಸ್ಸಾಯಿತಲ್ಲ, ಎಂಬತ್ತನಾಲ್ಕು ಎಂದುಕೊಂಡೆ. ಮೊದಲು ಊಟ ಮಾಡಿದ್ದು ಮರೆತರು, ಆಮೇಲೆ ಮಗನ ಹೆಸರು, ಕೊನೆಗೆ ನನ್ನನ್ನೇ. ನನ್ನನ್ನು ಆಸ್ಪತ್ರೆಯಿಂದ ಕಳಿಸಿದ ನರ್ಸಮ್ಮ ಎಂದು ತಿಳಿದರು. "ನರ್ಸಮ್ಮಾ, ನಿಮ್ಮೂರು ಯಾವ್ದ್ರೀ?" ಎಂದು ದಿನಾ ಕೇಳುತ್ತಿದ್ದರು. ಮೂವತ್ತೈದು ವರ್ಷ 'ಏನೇ' ಎಂದು ಕರೆದವರು 'ಏನ್ರೀ' ಎನ್ನತೊಡಗಿದರು. ಅತ್ತೆಯಿಂದ ಮರ್ಯಾದೆ ಸಿಕ್ಕಿದ್ದಕ್ಕೆ ಬಚ್ಚಲಿಗೆ ಹೋಗಿ ಅತ್ತ ಸೊಸೆ ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು. ಆಗಲೇ ಯಜಮಾನರು, ಅವ್ವನಿಗೆ ನೋಡಲು ಏನಾದರೂ ಇರಲಿ ಎಂದು ಏಳು ಮೀನು ಬಿಟ್ಟ ಗಾಜಿನ ತೊಟ್ಟಿ ತಂದು ಮಂಚದ ಎದುರಿಗೆ ಇಟ್ಟದ್ದು. "ನಮ್ಮಂಥವರ ಮನೇಲಿ ಮೀನಾ?" ಎಂದು ನೆಂಟರು ಮೂಗು ಮುರಿದರು. ಆದರೆ ಎರಡೇ ದಿನಕ್ಕೆ ಅತ್ತೆ ಮಾತಾಡಿದರು. ನಮ್ಮ ಜೊತೆಗಲ್ಲ, ಮೀನುಗಳ ಜೊತೆ. ಏಳಕ್ಕೂ ಬಿಳಿಗೆರೆಯವರ ಹೆಸರಿಟ್ಟರು. ದಪ್ಪ ಹೊಟ್ಟೆಯ ಕಿತ್ತಳೆ ಬಣ್ಣದ್ದು ಪಟೇಲ. "ಪಟೇಲ್ರೇ, ಉಂಡ್ರಾ?" ಎಂದು ವಿಚಾರಿಸಿದ ಮೇಲೇ ತಾವು ತುತ್ತು ಬಾಯಿಗಿಡುತ್ತಿದ್ದರು. ಮನೆಯಲ್ಲಿ ಅವರ ಮಾತು ಉಳಿದಿದ್ದರೆ ಆ ಗಾಜಿನ ಪೆಟ್ಟಿಗೆಯ ಮುಂದೆ ಮಾತ್ರ ಉಳಿದಿತ್ತು. ಅದು ನನಗೆ ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದೂ ಹೀಗೆ ಮಾಡಿದೆ.

ಯುಗಾದಿಗೆ ಮನೆ ತೊಳೆಯುವುದು ಎಲ್ಲರ ಮನೆಯಲ್ಲೂ ಇದೆ. ನಮ್ಮ ಮನೆಯಲ್ಲಿ ಮನೆಯ ಜೊತೆ ತೊಟ್ಟಿಯನ್ನೂ ತೊಳೆದೆ. ಅದರ ನೀರು ಸೋಸುವ ಹಳೆಯ ಫಿಲ್ಟರು ಗೊರಗೊರ ಎನ್ನುತ್ತಿತ್ತೆಂದು ಯಜಮಾನರು ಹೊಸದೊಂದು ತಂದಿಟ್ಟಿದ್ದರು. ಹಳೆಯದನ್ನು ಬಿಚ್ಚಿದರೆ ಒಳಗಿನ ಸ್ಪಂಜು! ಕರ್ರಗೆ, ಲೋಳೆ ಲೋಳೆಯಾಗಿ, ಕೆರೆಯ ತಳದಿಂದ ಎತ್ತಿದಂತಿತ್ತು. ಇಂಥದ್ದರ ಮೂಲಕ ಹಾದು ಬಂದ ನೀರನ್ನು ಪಟೇಲರು ಕುಡಿಯುತ್ತಿದ್ದಾರಲ್ಲ ಎಂದು ನನಗೆ ಮೈಯೆಲ್ಲ ಜುಮ್ಮೆಂದಿತು. ಕುದಿಯುವ ನೀರಲ್ಲಿ ಅದ್ದಿ, ಸೋಪಿನ ಪುಡಿ ಹಾಕಿ, ತೆಂಗಿನ ನಾರಿನಿಂದ ತಿಕ್ಕಿ, ನಲ್ಲಿ ನೀರಲ್ಲಿ ಹತ್ತು ಸಲ ಜಾಲಾಡಿ, ಮಹಡಿ ಮೇಲೆ ಬಿಸಿಲಿಗೆ ಹಾಕಿದೆ. ಸಂಜೆಗೆ ಅದು ಹೊಸ ಇಡ್ಲಿಯ ಹಾಗೆ ಹಗುರಾಗಿತ್ತು. ಕಲ್ಲುಗಳನ್ನೂ ತೊಳೆದೆ, ಗಾಜನ್ನೂ ತೊಳೆದೆ, ಹಳೆಯ ನೀರನ್ನೆಲ್ಲ ಹಿತ್ತಲಿಗೆ ಚೆಲ್ಲಿ ನಲ್ಲಿಯ ನೀರು ತುಂಬಿಸಿ, ಹೊಸ ಫಿಲ್ಟರಿನೊಳಗೆ ಬಿಳುಪಾದ ಆ ಸ್ಪಂಜನ್ನು ಸೇರಿಸಿ ಹಾಕಿದೆ. ತೊಟ್ಟಿ ಕಣ್ಣು ಕೋರೈಸುತ್ತಿತ್ತು. ನನಗೆ ಆ ದಿನ ಹೋಳಿಗೆಗಿಂತ ಅದೇ ಸಿಹಿಯಾಗಿತ್ತು.

ಮೂರನೆಯ ದಿನ ನೀರು ಅಕ್ಕಿ ತೊಳೆದ ನೀರಿನಂತಾಯಿತು. ಮೀನುಗಳು ಮೇಲಕ್ಕೆ ಬಂದು ಬಾಯಿ ಬಿಡುತ್ತಿದ್ದವು. ನಾಲ್ಕನೆಯ ದಿನ ಒಂದು ಮಗುಚಿಕೊಂಡಿತು. ಗಲೀಜಾಯಿತೆಂದು ನೀರೆಲ್ಲ ಬದಲಿಸಿ ಸ್ಪಂಜನ್ನು ಮತ್ತೆ ತೊಳೆದೆ. ಇನ್ನೆರಡು ಹೋದವು. ಮತ್ತೆ ತೊಳೆದೆ. ಅವು ಸತ್ತಷ್ಟೂ ನಾನು ತೊಳೆದೆ, ತೊಳೆದಷ್ಟೂ ಅವು ಸತ್ತವು. ಯಜಮಾನರು ಒಂದೊಂದನ್ನೂ ಎಲೆಯಲ್ಲಿ ಸುತ್ತಿ, ನಾನು ತೊಳೆದ ಕಾಯಿಯಿಂದ ಹುಟ್ಟಿದ್ದ ಆ ಎರಡು ಮರಗಳ ಬುಡದಲ್ಲಿ ಹೂಳುತ್ತಿದ್ದರು. ಆರನೆಯದನ್ನು ಹೂತು ಬಂದು ಕೈ ತೊಳೆಯುತ್ತಾ, "ಮರಕ್ಕಾದ್ರೂ ಗೊಬ್ಬರ ಆಯ್ತು ಬುಡು" ಎಂದರು. ಅದು ಸಮಾಧಾನವೋ ಬೈಗುಳವೋ ಕೇಳುವ ಧೈರ್ಯ ನನಗಾಗಲಿಲ್ಲ. ತೊಟ್ಟಿಯಲ್ಲಿ ಪಟೇಲ ಒಬ್ಬನೇ ಉಳಿದ. ಅತ್ತೆ ಬಹಳ ಹೊತ್ತು ನೋಡಿದರು. "ಎಲ್ಲಾ ಎಲ್ಲೋದ್ರು? ಪಟೇಲ್ರೊಬ್ರೇ ಆಗ್ಬುಟ್ರಲ್ಲ, ಮಾತಾಡ್ಸೋರ್ಯಾರು ಅವ್ರನ್ನ?" ಎಂದರು. ಅದಾದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದರು. ಮಧ್ಯಾಹ್ನ ಊಟ ಬೇಡವೆಂದರು. ರಾತ್ರಿಯೂ ಬೇಡವೆಂದರು.

ಮಾರನೆಯ ಬೆಳಿಗ್ಗೆ ಮೀನಿನ ಅಂಗಡಿಗೆ ಓಡಿದೆ. ಅಂಗಡಿಯವನು ಯೋಗೀಶ, ನನ್ನ ಹಳೆಯ ವಿದ್ಯಾರ್ಥಿ. ಹತ್ತನೇ ಕ್ಲಾಸಿನಲ್ಲಿ ವಿಜ್ಞಾನದಲ್ಲಿ ಎರಡು ಸಲ ಫೇಲಾದವನು. ನಾನು ಹೇಳಿದ್ದನ್ನೆಲ್ಲ ಕೇಳಿ, ಡಾಕ್ಟರ ಹಾಗೆ ಮುಖ ಮಾಡಿ, "ಸೋಪಲ್ಲೂ ತೊಳದ್ರಾ ಮೇಡಂ?" ಎಂದ. ಹೌದೆಂದೆ. "ಬಿಸಿಲಿಗೂ ಹಾಕಿದ್ರಾ?" ಹೌದೆಂದೆ. ಅವನು ಹಣೆ ಉಜ್ಜಿಕೊಂಡ. "ಆ ಕೊಳೆಯೊಳ್ಗೇ ಮೇಡಂ ಅವುಗಳ ಜೀವ ಇರೋದು. ಮೀನು ಹಾಕೋ ಹೊಲಸು ಅಮೋನಿಯಾ ಆಗುತ್ತೆ, ವಿಷ ಅದು. ಅದನ್ನ ತಿಂದು ಅರಗಿಸ್ಕೊಳ್ಳೋ ಬ್ಯಾಕ್ಟೀರಿಯಾ ಎಲ್ಲಾ ಸ್ಪಂಜಲ್ಲಿ ಸಂಸಾರ ಹೂಡಿರ್ತವೆ. ನಲ್ಲಿ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿರ್ತಾರಲ್ಲ, ಅದೊಂದೇ ಸಾಕು ಅವು ಸಾಯಕ್ಕೆ. ನೀವು ಬೇಯ್ಸೇ ಬುಟ್ಟಿದ್ದೀರ. ನೀವೇ ಬೋರ್ಡ್ ಮೇಲೆ ಬರ್ದಿದ್ರಲ್ಲ ಮೇಡಂ, ನೈಟ್ರೋಜನ್ ಚಕ್ರ, ಮೂರು ಬಣ್ಣದ ಚಾಕ್‌ಪೀಸಲ್ಲಿ?" ಬರೆದಿದ್ದೆ. ಮೂವತ್ತು ವರ್ಷ ಬರೆದಿದ್ದೆ, ಬರೆದು ಪಾಠ ಮುಗಿದೊಡನೆ ಮೂಲೆ ಬಿಡದೆ ಒರೆಸಿದ್ದೆ. "ನಿನಗೆ ಅದು ಹೇಗೋ ನೆನಪಿದೆ?" ಎಂದೆ. "ಅವತ್ತು ನೋಟ್ಸು ಗಲೀಜು ಅಂತ ನನ್ನ ಬೆಂಚ್ ಮೇಲೆ ನಿಲ್ಸಿದ್ರಿ ಮೇಡಂ. ಮೇಲಿಂದ ಬೋರ್ಡು ಚೆನ್ನಾಗಿ ಕಾಣ್ತಿತ್ತು" ಎಂದ. ಅವನ ಮಾತಿನಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಆಮೇಲೆ ತನ್ನ ತೊಟ್ಟಿಯ ಫಿಲ್ಟರಿನಿಂದ ಕರಿ ಸ್ಪಂಜೊಂದನ್ನು ತೆಗೆದು, ಅದೇ ತೊಟ್ಟಿಯ ನೀರಿನ ಸಮೇತ ಕವರಿಗೆ ಹಾಕಿ ಕೊಟ್ಟ. "ಹೆಪ್ಪು ಇದ್ದಂಗೆ ಇದು ಮೇಡಂ. ನಿಮ್ಮ ಫಿಲ್ಟರಲ್ಲಿ ಹಾಕಿ ಬುಟ್ಬುಡಿ. ಮುಂದಕ್ಕೆ ಹೊಸ ಫಿಲ್ಟರು ಹಾಕೋದಾದ್ರೆ ಹಳೇದನ್ನ ತೆಗೀಬೇಡಿ, ಎರಡನ್ನೂ ಒಟ್ಟಿಗೆ ಒಂದು ತಿಂಗಳು ಓಡ್ಸಿ. ಹಳೇದ್ರಲ್ಲಿರೋವು ಹೊಸದಕ್ಕೆ ಹತ್ಕೋಬೇಕು. ತೊಳೀಲೇಬೇಕು ಅನ್ಸಿದ್ರೆ ತೊಟ್ಟಿ ನೀರಲ್ಲೇ ಒಂದ್ಸಲ ಹಿಂಡಿ, ಅದೂ ಅರ್ಧ ಮಾತ್ರ." ಆಟೋದಲ್ಲಿ ಆ ಕವರನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ದಾರಿಯುದ್ದಕ್ಕೂ ಅದನ್ನು ಒಂದೇ ಒಂದು ಸಲ ಜಾಲಾಡಬೇಕೆಂದು ಕೈ ತುರಿಸುತ್ತಿತ್ತು. ಮನೆಯಲ್ಲಿ ಯಜಮಾನರು ಎಲ್ಲ ಕೇಳಿ, "ಅಟ್ಟದ ಕಾಯಿನ ನಾವು ಒಂದ್ ವರ್ಷ ಮುಟ್ಟಲ್ಲ. ನೀನು ಒಂದ್ ತಿಂಗ್ಳು ಕೈ ಕಟ್ಕೊಂಡು ಕೂತ್ಕೊ" ಎಂದರು. ಅವರು ನನಗೆ ಹೇಳಿದ ಮಾತುಗಳಲ್ಲೇ ಅದು ಉದ್ದನೆಯದು.

ಕೈ ಕಟ್ಟಿ ಕೂತೆ. ಕೂತವಳಿಗೆ ಯೋಚನೆ ಬರುತ್ತದೆ, ಅದಕ್ಕೇ ನಾನು ಕೂರುವುದಿಲ್ಲ. ಅತ್ತೆ ಎರಡು ತುತ್ತಿಗಿಂತ ಹೆಚ್ಚು ತಿನ್ನುತ್ತಿರಲಿಲ್ಲ. ಗೋಡೆಯ ಕಡೆಯೇ ಮುಖ. ಆ ಗೋಡೆಯನ್ನು ನಾನು ಉಜ್ಜಿ ಉಜ್ಜಿ ಸುಣ್ಣದ ಬೆರಳಿನ ಒಂದು ಗೆರೆಯೂ ಇಲ್ಲದಂತೆ ಮಾಡಿದ್ದೆ. ಮಾತಾಡಿಸುವವರು ಯಾರು ಎಂದು ಅತ್ತೆ ಕೇಳಿದ್ದು ಪಟೇಲನಿಗಾಗಿ. ಆದರೆ ಅವರನ್ನು ಮಾತಾಡಿಸುತ್ತಿದ್ದವಳನ್ನು ನಾನು ಬಾಗಿಲಲ್ಲೇ ತೊಳೆದು ಕಳಿಸಿ ವರ್ಷವಾಗಿತ್ತು. ಚಪ್ಪಲಿ ಮೆಟ್ಟಿಕೊಂಡು ನಂಜಮ್ಮನ ಮನೆಗೆ ಹೋದೆ.

ಅವಳು ಜಗಲಿಯ ಮೇಲೆ ಕಾಲು ಚಾಚಿಕೊಂಡು ಕೂತಿದ್ದಳು. "ಬನ್ನಿ ಮೇಷ್ಟ್ರಮ್ಮ" ಎಂದು ಎದ್ದು, ನಾನು ಕೂರುವ ಜಾಗವನ್ನು ಸೆರಗಿನಿಂದ ಒರೆಸಿದಳು. ಅದನ್ನು ನೋಡಿ ನನಗೆ ನಾಚಿಕೆಯಾಯಿತು. ತಪ್ಪಾಯಿತೆಂದೆ, ಬನ್ನಿ ಎಂದೆ. "ತಪ್ಪೇನ್ ಬುಡಿ. ನಿಮ್ಮನೆ ನೆಲ ಕನ್ನಡಿ ಆಗ್ಬುಟ್ಟೈತೆ, ಕಾಲಿಡಕ್ಕೇ ಭಯ ಆಗೋದು. ನಂಗೂ ಮಂಡಿನೋವು" ಎಂದಳು. ಆದರೂ ಮಾರನೆಯ ದಿನ ಬಂದಳು. ತಲೆಗೆ ಸ್ನಾನ ಮಾಡಿ, ಒಗೆದ ಸೀರೆ ಉಟ್ಟು, ಬಾಯಿ ಮುಕ್ಕಳಿಸಿ, ಎಲೆಅಡಿಕೆ ಚೀಲ ಮನೆಯಲ್ಲೇ ಬಿಟ್ಟು, ಬಾಗಿಲಲ್ಲಿ ಎರಡೆರಡು ಸಲ ಕಾಲು ತೊಳೆದು ಒಳಗೆ ಬಂದಳು. "ಗೌರಕ್ಕಾ" ಎಂದಳು. ಅತ್ತೆ ತಿರುಗಿ ನೋಡಿ, "ಯಾರ್ರೀ ನೀವು?" ಎಂದರು. ನಂಜಮ್ಮ ನನ್ನ ಮುಖ ನೋಡಿದಳು. ನನಗೆ ಬಿಸಿಲಿಗೆ ಹಾಕಿದ್ದ ಆ ಸ್ಪಂಜು ನೆನಪಾಯಿತು.

ಮೂಲೆಯ ಅಂಗಡಿಗೆ ನಾನೇ ಓಡಿ ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ತಂದು ನಂಜಮ್ಮನ ಮಡಿಲಿಗೆ ಹಾಕಿದೆ. ಅವಳು ಅನುಮಾನಿಸುತ್ತಲೇ ಒಂದು ಎಲೆಗೆ ಸುಣ್ಣ ಸವರಿ, ಮಡಿಸಿ, ಬಾಯಿಗಿಟ್ಟು ಅಗಿದಳು. ಘಾಟು ನಡುಮನೆಗೆಲ್ಲ ಹರಡಿತು. ಅವಳ ಕೈ ತನ್ನಷ್ಟಕ್ಕೆ ತಾನೇ ಹೋಗಿ ಬೆರಳಿನ ಸುಣ್ಣವನ್ನು ಗೋಡೆಗೆ ಒರೆಸಿತು. ಒರೆಸಿದ ಮೇಲೆ ಬೆಚ್ಚಿ ನನ್ನನ್ನು ನೋಡಿದಳು. ನಾನು ಬಟ್ಟೆ ಹಿಡಿದು ನಿಂತಿದ್ದೆ, ಯಾವಾಗ ಕೈಗೆ ತೆಗೆದುಕೊಂಡೆನೋ ನನಗೇ ತಿಳಿಯದು. ಅತ್ತೆ ಆ ಗೆರೆಯನ್ನು ನೋಡಿದರು, ಮೂಗರಳಿಸಿದರು. "ನಂಜಿ, ನಂಗೊಂದ್ ಚೂರು ಕೊಡೇ" ಎಂದರು. ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿ, ಕೈಯ ಬಟ್ಟೆಯನ್ನೂ ಮುಖವನ್ನೂ ನೋಡಿ, "ಏನೇ, ಅಟ್ಟದ ಕಾಯಿ ತೊಳದೋಳಲ್ವೇನೇ ನೀನು?" ಎಂದರು. "ಎಣ್ಣೆ ಹಚ್ಚಿ ಜಡೆ ಹಾಕ್ಲಿಲ್ಲ ಕಣೇ ನಂಜಿ, ಅಷ್ಟೇ ಉಳ್ಸವ್ಳೆ" ಎಂದು ನಕ್ಕರು. ನಂಜಮ್ಮ ಮೊದಲ ಸಲ ಕೇಳುವವಳಂತೆ ನಕ್ಕಳು. ಹೌದತ್ತೆ, ನಾನೇ ಅವಳು ಎಂದೆ.

ಅದೊಂದೇ ದಿನ. ಮಾರನೆಯ ಬೆಳಿಗ್ಗೆ ನಾನು ಮತ್ತೆ ನರ್ಸಮ್ಮ, ಊರು ಯಾವುದು ಎಂಬ ಪ್ರಶ್ನೆಗೆ ಮತ್ತೆ ಉತ್ತರ. ನಂಜಮ್ಮ ಮಂಡಿನೋವು ಬಿಟ್ಟ ದಿನ ಬರುತ್ತಾಳೆ, ಧೂಳುಗಾಲಲ್ಲೇ. ಅವಳು ಬಂದ ದಿನ ಅತ್ತೆ ಒಂದಿಷ್ಟು ಅನ್ನ ಹೆಚ್ಚಿಗೆ ತಿನ್ನುತ್ತಾರೆ. ಪಟೇಲ ಬದುಕಿದ್ದಾನೆ, ಸ್ಪಂಜು ಮತ್ತೆ ಕರ್ರಗಾಗುತ್ತಿದೆ, ನಾನು ಆ ಕಡೆ ಹೋಗುವಾಗ ಬೇರೆ ಕಡೆ ನೋಡಿಕೊಂಡು ಹೋಗುತ್ತೇನೆ. ಗೋಡೆಯ ಮೇಲಿನ ಆ ಸುಣ್ಣದ ಗೆರೆ ಹಾಗೇ ಇದೆ. ಅತ್ತೆ ಆಗಾಗ ಅದನ್ನೇ ನೋಡುತ್ತಾ ಮಲಗಿರುತ್ತಾರೆ. ಒಂದೂವರೆ ತಿಂಗಳಾಯಿತು, ದೇವರಾಣೆಗೂ ನಾನು ಅದನ್ನು ಮುಟ್ಟಿಲ್ಲ. ಅದರ ಸುತ್ತ ಮಾತ್ರ ಒರೆಸಿದ್ದೇನೆ.