ಸೊಸೆಯ ರಂಗೋಲಿ ಸಿ.ಡಿ.ಯೂ ನನ್ನ ರಾಯಲ್ಟಿ ಚೌಕಾಸಿಯೂ

ರಾಯಲ್ಟಿ ಕೇಳಲು ಹೊರಟವರಿಗೆ ದುಡ್ಡು ಸಿಗದಿದ್ದರೂ ನಗುವುದಕ್ಕೆ ಏನಾದರೊಂದು ಸಿಕ್ಕೇ ಸಿಗುತ್ತದೆ. ಮನೆಮನೆಗೂ ಸಿ.ಡಿ. ಪ್ಲೇಯರ್ ಬಂದಿದ್ದ ಕಾಲ. ನನ್ನ ಸೊಸೆ ಬಾಡಿಗೆ ಕ್ಯಾಮೆರಾ ತಂದು, ಚೆನ್ನೈನ ಮೈಲಾಪೂರಿನಲ್ಲಿ ನಮ್ಮ ತಾರಸಿಯ ಮೇಲೆ ಚುಕ್ಕಿ ರಂಗೋಲಿ ಕಲಿಸುವ ವಿಡಿಯೊ ಮಾಡಿದಳು. ಅದರಿಂದ ನಾಲ್ಕು ಕಾಸು ಬಂದರೆ ಎರಡನೇ ಭಾಗ, ಇಲ್ಲದಿದ್ದರೆ ಅಲ್ಲಿಗೇ ಮುಗಿಯಿತು. ಅವಳದು ಸಂಕೋಚದ ಸ್ವಭಾವ. ನಾನು ಗಣಿತದಲ್ಲಿ ಬಿ.ಎಸ್ಸಿ. ವ್ಯವಹಾರಕ್ಕೆ ನಾನೇ ಹೊರಟೆ.

1. ದರ

ಪ್ಯಾರೀಸ್ ಕಾರ್ನರಿನ ಸಗಟು ಸಿ.ಡಿ. ಅಂಗಡಿಯವರು ತಮಿಳಿನಲ್ಲಿ, "ಎರಡು ಸಾವಿರ ತಗೊಂಡು ಹಕ್ಕು ಬರೆದುಕೊಡಿ" ಎಂದರು.

"ಹಕ್ಕು ಅವಳದೇ. ಮಾರಿದ ಒಂದೊಂದು ಸಿ.ಡಿ.ಗೂ ಐದು ರೂಪಾಯಿ ಕೊಡಿ" ಎಂದೆ, ನಾನೂ ತಮಿಳಿನಲ್ಲೇ.

"ಒಂದು ರೂಪಾಯಿ."

ಹಗ್ಗಜಗ್ಗಾಟ ನಾಲ್ಕಕ್ಕೆ ಬಂದು ನಿಂತಿತ್ತು. ಅಷ್ಟರಲ್ಲಿ ಜೊತೆಗೆ ಬಂದಿದ್ದ ಸೊಸೆ ಕನ್ನಡದಲ್ಲಿ, "ಅತ್ತೆ, ಎರಡು ಕೊಟ್ಟರೂ ಸಾಕು, ಒಪ್ಕೊಂಡುಬಿಡಿ" ಎಂದಳು.

ಅಂಗಡಿಯವರು ಕೈ ಮುಗಿದು ಕನ್ನಡದಲ್ಲೇ ಹೇಳಿದರು: "ಎರಡೇ ಇರಲಿ ಬಿಡಮ್ಮ. ನಾನು ಓದಿದ್ದೆಲ್ಲ ಬೆಂಗಳೂರು ಚಿಕ್ಕಪೇಟೆಯಲ್ಲೇ!"

2. ಮೊದಲ ಲೆಕ್ಕ

ಮೂರು ತಿಂಗಳಿಗೆ ಲೆಕ್ಕ ಬಂತು: ನಲವತ್ತು ಸಿ.ಡಿ. ಮಾರಾಟ. "ಈಗ ರಂಗೋಲಿ ಯಾರು ಹಾಕ್ತಾರಮ್ಮ? ಎಲ್ಲ ಸ್ಟಿಕ್ಕರ್ ಅಂಟಿಸ್ತಾರೆ" ಎಂದರು ಅಂಗಡಿಯವರು. ಸೊಸೆಯ ಮುಖ ಬಾಡಿತು.

ಯಾರ್ಯಾರು ಕೊಂಡರೆಂದು ನಾನು ಪುಸ್ತಕದಲ್ಲಿ ಬರೆದಿಟ್ಟಿದ್ದೆ. ಮನೆಗೆ ಬಂದು ತೆಗೆದು ನೋಡಿದೆ. ನಲವತ್ತರಲ್ಲಿ ಮೂವತ್ತೆಂಟು ನಮ್ಮ ನೆಂಟರೇ.

"ಸದ್ಯ, ಇಬ್ಬರಾದರೂ ಹೊರಗಿನವರು!" ಎಂದೆ.

ಪೇಪರಿನ ಹಿಂದಿನಿಂದ ನಮ್ಮ ಯಜಮಾನರು ಕೆಮ್ಮಿದರು. "ಆ ಎರಡು ನಾನು ತಂದೆ ಕಣೆ. ಹುಡುಗಿ ಬೇಜಾರು ಮಾಡ್ಕೋತಾಳೆ ಅಂತ."

3. ತಾಂಬೂಲದ ಚೀಲ

ಮರುವಾರ ಟ್ರಿಪ್ಲಿಕೇನಿನಲ್ಲಿ ನಮ್ಮ ಯಜಮಾನರ ಬ್ಯಾಂಕಿನ ಗೆಳೆಯರ ಮಗಳ ಮದುವೆ. ತಾಂಬೂಲದ ಚೀಲ ಬಿಚ್ಚಿದರೆ ತೆಂಗಿನಕಾಯಿ, ವೀಳ್ಯದೆಲೆ, ಜೊತೆಗೆ ಸೊಸೆಯ ಸಿ.ಡಿ.! ಪಕ್ಕದವರ ಚೀಲದಲ್ಲೂ ಅದೇ. ನಲವತ್ತಂತೆ, ನಲವತ್ತು! ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಹೊರಗೆ ಹೋಗುವ ಒಂದೊಂದು ಚೀಲಕ್ಕೂ ನನ್ನ ಪುಸ್ತಕದಲ್ಲಿ ಒಂದು ಗೀಟು ಹಾಕತೊಡಗಿದೆ.

ಪುಸ್ತಕ ಹಿಡಿದು ಕೂತವಳನ್ನು ಕಂಡು ಒಬ್ಬರು ಮುಯ್ಯಿಯ ಕವರ್ ಕೈಗಿಟ್ಟು, "ನೂರೊಂದು, ಹೆಸರು ಬರ್ಕೊಳ್ಳಿ" ಎಂದರು. ನಾನು ಬಾಯಿ ತೆಗೆಯುವಷ್ಟರಲ್ಲಿ ಹಿಂದೆ ಸಾಲು ನಿಂತಿತ್ತು. ಬಂದ ದುಡ್ಡನ್ನು ಬರೆಯದೆ ಬಿಡುವುದು ನನ್ನಿಂದಾಗದು. ಬರೆದೆ.

ಸಾಲಿನಲ್ಲಿ ಒಬ್ಬರು ತಲೆಯೆತ್ತದೆ ಕವರ್ ಚಾಚಿದರು. "ಇನ್ನೂರೊಂದು. ಪ್ಯಾರೀಸ್ ಕಾರ್ನರ್ ಸಿ.ಡಿ. ಅಂಗಡಿ ಅಂತ ಹಾಕಿ. ಚೀಲಕ್ಕೆ ಮುನ್ನೂರು ಸಿ.ಡಿ. ಕೊಟ್ಟೋನು ನಾನೇ."

"ಮುನ್ನೂರು... ಬರ್ಕೊಂಡೆ" ಎಂದೆ.

ತಲೆಯೆತ್ತಿದವರು ನನ್ನ ಗುರುತು ಹಿಡಿದರು. "ಅದು ಗಿಫ್ಟ್ ಅಮ್ಮ, ಮಾರಾಟ ಅಲ್ಲ!"

ಅಲ್ಲೇ ನಿಂತಿದ್ದ ಮದುವೆ ಹುಡುಗಿಯ ಅಪ್ಪ, "ಗಿಫ್ಟಾ? ಒಂದಕ್ಕೆ ಇಪ್ಪತ್ತರಂತೆ ಎಣಿಸಿ ತಗೊಂಡ್ರಲ್ಲ ಸ್ವಾಮಿ!" ಎಂದರು.

ಮಾರನೆಯ ದಿನ ಮುನ್ನೂರಕ್ಕೂ ಲೆಕ್ಕ ಹಾಕಿ ಕೊಟ್ಟರೆನ್ನಿ, ಪಾಪ. ಎರಡನೇ ಭಾಗವನ್ನೂ ತಾವಾಗಿಯೇ ಕೇಳಿದರು. ಆದರೆ ಆ ಗಳಿಗೆಯಲ್ಲಿ, ಅಷ್ಟು ಜನರ ಎದುರು, ಅವರಿಗೆ ತೋಚಿದ್ದು ಒಂದೇ. ನನ್ನ ಮಡಿಲಲ್ಲಿದ್ದ ತಮ್ಮ ಕವರನ್ನೇ ಎತ್ತಿ ನನ್ನ ಕೈಗಿಟ್ಟು, "ತಗೊಳ್ಳಿ ಅಮ್ಮ, ಇದನ್ನ ರಾಯಲ್ಟಿ ಅಡ್ವಾನ್ಸ್ ಅಂತ ಬರ್ಕೊಳ್ಳಿ" ಎಂದರು.

ಹುಡುಗಿಯ ಅಪ್ಪ ಥಟ್ಟನೆ ಕವರ್ ಹಿಡಿದುಕೊಂಡರು: "ರೀ, ಅದು ನನ್ನ ಮಗಳ ಮುಯ್ಯಿ!"