ತಂಪೇ ಬೇರೆ, ನೀರೇ ಬೇರೆ

ನಮ್ಮ ರಾಯಚೂರಿನಲ್ಲಿ ತಪ್ಪು ಮಾಡಿದವನಿಗೆ ಒಂದು ದೊಡ್ಡ ಅನುಕೂಲವಿದೆ. ಏನು ಕೆಟ್ಟರೂ ಬಿಸಿಲಿನ ಮೇಲೆ ಹಾಕಬಹುದು. ಹಾಲು ಒಡೆಯಿತೇ, ಬಿಸಿಲು. ಸೈಕಲ್ಲಿನ ಟ್ಯೂಬು ಸಿಡಿಯಿತೇ, ಬಿಸಿಲು. ಬೀಗರು ಊಟದ ನಡುವೆ ಮುನಿಸಿಕೊಂಡು ಎದ್ದು ಹೋದರೇ, ಪಾಪ, ಬಿಸಿಲಿಗೆ ತಲೆ ಕಾದಿರಬೇಕು. ಬಿಸಿಲೇನೂ ಬಂದು 'ನಾನಲ್ಲ' ಎನ್ನುವುದಿಲ್ಲ. ಎಪ್ಪತ್ತೆರಡು ವರ್ಷ ಈ ಅನುಕೂಲವನ್ನು ನಾನು ಧಾರಾಳವಾಗಿಯೇ ಬಳಸಿಕೊಂಡಿದ್ದೇನೆ. ಆದರೆ ಈ ಬೇಸಿಗೆಯಲ್ಲಿ ಆಡಿದ ಒಂದು ಸುಳ್ಳು ಮಾತ್ರ ಗಂಟಲಲ್ಲೇ ಉಳಿದುಬಿಟ್ಟಿತು. ಅದನ್ನು ಹೇಳಿಕೊಳ್ಳಲೆಂದೇ ಕೂತಿದ್ದೇನೆ.

ನನ್ನ ಸೊಸೆ ಶೋಭಾ ಹೈಸ್ಕೂಲ್ ಟೀಚರು. ಹೋದ ವರ್ಷದವರೆಗೆ ದೇವದುರ್ಗದಲ್ಲಿದ್ದಳು. ಈ ಊರಿಗೆ ವರ್ಗವಾಗಿ ಬರುವಾಗ ಅಲ್ಲಿನ ಹುಡುಗಿಯರು ಸೇರಿ ಒಂದು ಪುಟ್ಟ ಕುಂಡ ಕೊಟ್ಟಿದ್ದರು. ಅದರಲ್ಲಿ ಒಂದು ಸಕ್ಯುಲೆಂಟ್ ಗಿಡ. ದಪ್ಪ ದಪ್ಪ ಎಲೆಗಳು ಗುಲಾಬಿ ಹೂವಿನ ಹಾಗೆ ಸುತ್ತಿಕೊಂಡು ಕೂತಿದ್ದವು. ನನ್ನ ಹೆಂಡತಿ ಬಸಮ್ಮ ಅದಕ್ಕೆ 'ಲೋಳಸರದ ಮೊಮ್ಮಗಳು' ಎಂದು ಹೆಸರಿಟ್ಟಳು. ಶೋಭಾ ಶಾಲೆಯಿಂದ ಬಂದವಳು ಚಪ್ಪಲಿ ಬಿಡುವ ಮೊದಲು ಅದರ ಮುಖ ನೋಡುತ್ತಿದ್ದಳು.

ಏಪ್ರಿಲ್ಲಿನಲ್ಲಿ ಹತ್ತನೇ ತರಗತಿಯ ಪೇಪರ್ ತಿದ್ದಲು ಅವಳು ಹತ್ತು ದಿನ ಕಲಬುರಗಿಗೆ ಹೋಗಬೇಕಾಯಿತು. ಹೋಗುವಾಗ ಕುಂಡವನ್ನು ನನ್ನ ಕೈಗೆ ಕೊಟ್ಟಳು.

"ಮಾವಾರ, ಇದಕ್ಕ ಭಾಳ ಬಿಸಿ ಆಗಿಬರಂಗಿಲ್ರಿ. ಎಲ್ಲೆರ ತಂಪಿನ ಜಾಗದಾಗ ಇಡ್ರಿ, ಸಾಕು."

"ಬಿಸಿ ವಿಷಯ ನನಗ ಹೇಳ್ತಿ ಏನವಾ?" ಎಂದು ನಕ್ಕೆ. ಸಿರವಾರದ ಒಂದು ಅಕ್ಕಿ ಗಿರಣಿಯಲ್ಲಿ ಮೂವತ್ತು ವರ್ಷ ಭತ್ತ ಬೇಯಿಸುವ ಬಾಯ್ಲರ್ ನೋಡಿಕೊಂಡವನು ನಾನು. ಮೀಟರಿನ ಮುಳ್ಳು ಸುಳ್ಳು ಹೇಳೀತು, ನನ್ನ ಅಂಗೈ ಹೇಳುತ್ತಿರಲಿಲ್ಲ. ಆದರೆ ನಾನು ಮೂವತ್ತು ವರ್ಷ ಕಲಿತದ್ದು ಬಿಸಿಯನ್ನು. ತಂಪಿನ ಬಗ್ಗೆ ಯಾರೂ ನನಗೆ ಏನೂ ಕಲಿಸಿರಲಿಲ್ಲ. ನಮ್ಮ ಕಡೆ ತಂಪು ಎಂದರೆ ನೀರು. ಕೊಡಕ್ಕೆ ಹಸಿ ಬಟ್ಟೆ ಸುತ್ತಿದರೆ ತಂಪು, ಅಂಗಳಕ್ಕೆ ನೀರು ಹೊಡೆದರೆ ತಂಪು. ಅಷ್ಟೇಕೆ, ಬೇಸಿಗೆ ಬಂತೆಂದರೆ ಗುಡಿಯಲ್ಲಿ ಶಿವಲಿಂಗದ ಮೇಲೆ ತೂತಿನ ಕೊಡ ಕಟ್ಟಿ, ಹಗಲೂ ಇರುಳೂ ಹನಿ ಹನಿ ನೀರು ಬೀಳುವಂತೆ ಮಾಡುತ್ತೇವೆ. ಬೆಂಕಿಗಣ್ಣಿನ ದೇವರಿಗೇ ಅದು ಹಿತವಾಗಿರುವಾಗ ಲೋಳಸರದ ಮೊಮ್ಮಗಳಿಗೆ ಆಗಬಾರದೇ?

ಹೀಗೆ ಯೋಚಿಸಿ, ಪಡಸಾಲೆಯ ಗೋಡೆಯೊಳಗಿನ ಗೂಡಿನ ಮುಂದೆ ಸ್ಟೂಲ್ ಹಾಕಿ ಕುಂಡ ಇಟ್ಟೆ. ಕುಂಡಕ್ಕೆ ಹಸಿ ಗೋಣಿಚೀಲ ಸುತ್ತಿದೆ. ನೀರಿನ ಬಾಟಲಿಯ ಮುಚ್ಚಳಕ್ಕೆ ಸೂಜಿ ಕಾಯಿಸಿ ತೂತು ಮಾಡಿ, ಮೇಲಿನ ಮೊಳೆಗೆ ತಲೆಕೆಳಗಾಗಿ ಕಟ್ಟಿದೆ. ಹನಿ ಸರಿಯಾಗಿ ಗಿಡದ ನೆತ್ತಿಗೇ ಬಿತ್ತು. ಕೊನೆಗೆ ಕೂಲರನ್ನೂ ಅದರ ಕಡೆ ತಿರುಗಿಸಿದೆ.

"ಅಯ್ಯ ಶಿವನ! ಇಲ್ಲಿ ನಾ ಬೆವತು ನೀರಾಗಾಕತ್ತೀನಿ, ನೀವು ಗಿಡಕ್ಕ ಕೂಲರ್ ಹಚ್ಚೀರಿ?" ಎಂದಳು ಬಸಮ್ಮ.

"ಅದು ಸೊಸಿ ಗಿಡ."

"ನಾನೂ ಸೊಸಿಯಾಗೇ ಬಂದೀನಿ ಈ ಮನಿಗೆ. ಒಂದು ಬೀಸಣಿಕೀನೂ ತಂದಿರಲಿಲ್ಲ ನೀವು."

ನಾಲ್ಕನೆಯ ದಿನ ಎಲೆಗಳು ಉಬ್ಬಿ ಗಾಜಿನಂತೆ ಹೊಳೆದವು. ಗಿಡ ಮೈಕೈ ತುಂಬಿಕೊಂಡಿತು ಎಂದು ಹಿಗ್ಗಿದೆ. ಎಂಟನೆಯ ದಿನ ಪ್ರೀತಿಯಿಂದ ಮುಟ್ಟಿದರೆ ಬುಡವೇ ಕೈಗೆ ಬಂತು, ಕೊಳೆತ ಬಾಳೆಹಣ್ಣಿನಂತೆ. ಗಡಿಬಿಡಿಯಲ್ಲಿ ಕಿತ್ತು ಹಿತ್ತಲಿಗೆ ಎಸೆದು, ಕುಂಡ ತೊಳೆದು, ಬಾಟಲಿ ಬಿಚ್ಚಿಟ್ಟೆ.

ಶೋಭಾ ಬಂದಾಗ ಹೇಳಿದೆ: "ಬಿಸಿಲವಾ, ಏನ್ ಮಾಡೂದು? ಒಣಗಿ ಹೋತು."

ಅವಳು ಖಾಲಿ ಕುಂಡ ನೋಡುತ್ತ ನಿಂತಳು. ಆಮೇಲೆ, "ತಪ್ಪು ನಂದರಿ ಮಾವಾರ. ಇಂಥ ಬಿಸಿಲಾಗ ಬಿಟ್ಟು ಹೋಗಬಾರದಿತ್ತು. ಆ ಹುಡುಗ್ಯಾರು ಫೋನ್ ಮಾಡಿದಾಗೊಮ್ಮಿ ಗಿಡ ಹೆಂಗದ ಅಂತ ಕೇಳ್ತಾವು" ಎಂದು ಒಳಗೆ ಹೋದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬಸಮ್ಮ ನನ್ನನ್ನು ಕಣ್ಣಲ್ಲೇ ಕುಟ್ಟಿ ಪುಡಿ ಮಾಡಿದಳು. ಬಾಯಿ ಮಾತ್ರ ಬಿಡಲಿಲ್ಲ.

ಮೂರು ವಾರ ಕಳೆದವು. ಒಂದು ಬೆಳಿಗ್ಗೆ ಕನ್ನಡಕ ಹುಡುಕುತ್ತ ಪಡಸಾಲೆಯ ಗೂಡಿಗೆ ಕೈ ಹಾಕಿದರೆ ಮೆತ್ತಗೆ ಏನೋ ತಾಗಿತು. ಹಲ್ಲಿಯೆಂದು ಹೆದರಿದೆ. ನೋಡಿದರೆ ಒಂದು ಎಲೆ. ಅವತ್ತು ಕಿತ್ತೆಸೆಯುವ ಗಡಿಬಿಡಿಯಲ್ಲಿ ಮೇಲಿನ ಸಾಲಿನದೊಂದು ಗಟ್ಟಿ ಎಲೆ ಉದುರಿ ಅಲ್ಲಿ ಬಿದ್ದಿರಬೇಕು. ಅದರ ತೊಟ್ಟಿನಲ್ಲಿ ಕೂದಲಿಗಿಂತ ತೆಳ್ಳಗಿನ ಗುಲಾಬಿ ಬಣ್ಣದ ಬೇರುಗಳು! ಬೇರಿನ ಪಕ್ಕದಲ್ಲಿ ಜೋಳದ ಕಾಳಿನಷ್ಟು ಒಂದು ಗಿಡ, ಅದಕ್ಕೆ ನಾಲ್ಕು ಎಲೆ, ಅವೂ ಗುಲಾಬಿಯ ಹಾಗೆಯೇ ಸುತ್ತಿಕೊಂಡಿದ್ದವು.

ನಾನು ಅಲ್ಲಿಯೇ ನೆಲದ ಮೇಲೆ ಕೂತುಬಿಟ್ಟೆ. ಮಣ್ಣಿಲ್ಲ, ನೀರಿಲ್ಲ, ನೋಡುವವರಿಲ್ಲ. ಹೊರಗೆ ಬಾಗಿಲ ಚಿಲಕ ಮುಟ್ಟಲಾಗದಷ್ಟು ಕಾಯುವ ದಿನಗಳಲ್ಲಿ, ಈ ಎಲೆ ತನ್ನ ಹೊಟ್ಟೆಯ ನೀರನ್ನೇ ಕುಡಿಸಿ ಕೂಸನ್ನು ಬೆಳೆಸಿತ್ತು. ಬೆಳೆಸುತ್ತ ತಾನು ಸುಕ್ಕಾಗಿತ್ತು. ಗೂಡಿನ ಕಲ್ಲಿಗೆ ಅಂಗೈ ಇಟ್ಟೆ. ದಪ್ಪ ಗೋಡೆ, ತಣ್ಣಗೆ, ಒಣ ಒಣ. ಬಿಸಿಲಿಲ್ಲ, ಆದರೆ ಎದುರಿನ ಕಿಟಕಿಯಿಂದ ಬೆಳಕು ಬರುತ್ತಿತ್ತು. ನೀರಿಲ್ಲದ ತಂಪು ಎಂಬುದೊಂದು ಇದೆ ಎಂದು ನನ್ನ ಅಂಗೈಗೆ ಅವತ್ತು ಗೊತ್ತಾಯಿತು. ಕೂಗಿ ಎಲ್ಲರನ್ನೂ ಕರೆದೆ.

ಶೋಭಾಳ ಕಣ್ಣು ತುಂಬಿ ಬಂತು. ಅಷ್ಟರಲ್ಲೇ ಅವಳೆಂದಳು: "ಇದನ್ನರ ಉಳಿಸಿಕೋಬೇಕ್ರಿ ಮಾವಾರ. ಅದು ನೀರಿಲ್ದ ಒಣಗಿ ಸತ್ತಿತು. ಇದಕ್ಕ ಈಗಿಂದೀಗ ಹಸಿ ಅರಬಿ ಸುತ್ತಿ ಕೂಲರ್ ಮುಂದ ಇಡ್ತೀನಿ."

ನಾನಾಡಿದ ಸುಳ್ಳು ತಾಯಿಗಿಡದ ಸಾವನ್ನು ಮುಚ್ಚಿಟ್ಟದ್ದಷ್ಟೇ ಅಲ್ಲ, ಈಗ ಮಗುವನ್ನೂ ಕೊಲ್ಲಲು ಹೊರಟಿತ್ತು. ಅವಳು ಅರಿವೆ ಹಿಂಡಿಕೊಂಡು ಬಂದೇಬಿಟ್ಟಳು.

"ಬ್ಯಾಡವಾ! ಅದು ಒಣಗಿ ಸತ್ತಿಲ್ಲ. ಕೊಳೆತು ಸತ್ತದ. ನಾನ ಕೊಂದೀನಿ."

ಗೋಣಿಚೀಲ, ಬಾಟಲಿ, ಕೂಲರ್, ಎಲ್ಲವನ್ನೂ ಹೇಳಿದೆ. ನೆತ್ತಿಯ ಹನಿಯ ಮಾತು ಬಂದಾಗ ಅವಳು ತಡೆದಳು.

"ಮಾವಾರ, ಗಿಡಕ್ಕ ಅಭಿಷೇಕ ಮಾಡೀರೇನ್ರಿ?"

"ಹತ್ತು ದಿನದ್ದು ಹಿಡದಿದ್ರು. ಎಂಟಕ್ಕ ಮುಗೀತು," ಎಂದಳು ಬಸಮ್ಮ. ಮೂರು ವಾರದಿಂದ ಆ ಮಾತನ್ನು ಕಾಯ್ದಿಟ್ಟುಕೊಂಡಿದ್ದಳು ಎಂದು ಕಾಣುತ್ತದೆ.

ಶೋಭಾ ನಗಲಿಲ್ಲ. "ಮೊದಲ ಹೇಳಿದ್ರ ಏನಾಗ್ತಿತ್ರಿ? ಮೂರು ವಾರ ನನ್ನನ್ನ ನಾನ ಬೈಕೊಂಡೀನಿ" ಎಂದಳು. ಆಮೇಲೆ ಕೈಯಲ್ಲಿದ್ದ ಹಸಿ ಅರಿವೆಯನ್ನು ನನ್ನ ತಲೆಯ ಮೇಲೆ ಹಾಕಿ, "ಇದು ನಿಮಗ ಬೇಕು" ಎಂದಳು. ಆಗ ನಕ್ಕಳು.

ಈಗ ಎಲೆ ಒಂದು ಒಣ ತಟ್ಟೆಯಲ್ಲಿ, ಒಂದಿಷ್ಟು ಮರಳಿನ ಮೇಲೆ, ಅದೇ ಗೂಡಿನಲ್ಲಿದೆ. ಕೂಲರಿನ ಗಾಳಿ ಆ ಕಡೆ ತಿರುಗುವಂತಿಲ್ಲ. ನೀರು ಅವಳದು, ಕಾವಲು ನನ್ನದು. ಅಂಗೈಯಿಂದ ಗೋಡೆ ಮುಟ್ಟಿ ನೋಡಬಹುದು, ಎಲೆಯನ್ನು ಮುಟ್ಟುವಂತಿಲ್ಲ. ನಾನು ದಿನಾ ಮಧ್ಯಾಹ್ನ ಅದರ ಎದುರು ಕೂತು ಬೆರಗಾಗುತ್ತೇನೆ. ಕೂಸಿಗೆ ಈಗ ಒಂಬತ್ತು ಎಲೆ.

ನಿನ್ನೆ ಸೆಕೆ ವಿಪರೀತವಾಗಿತ್ತು. ಗೂಡಿನ ಮುಂದೆ ಬಗ್ಗಿ ನಿಂತಿದ್ದಾಗ ಹಿಂದಿನಿಂದ ಬಸಮ್ಮನ ದನಿ ಕೇಳಿತು.

"ಏನ್ರೀ ಅದು, ಉಫ್ ಉಫ್ ಅಂತ ಊದಾಕತ್ತೀರಿ?"

"ಇರುವಿ ಬಂದಿತ್ತು" ಎಂದೆ.

ಇರುವೆ ಬಂದಿರಲಿಲ್ಲ.